ಇಕ್ಕಳಹುಳು: ಜೀವನಕ್ರಮ, ಸ್ವಭಾವ ಹಾಗೂ ಬೆಳೆಗಾರರು ಅರಿಯಬೇಕಾದ ಸಂಗತಿಗಳು

ಪೀಠಿಕೆ

ಹೊಲದಲ್ಲಿ ಕಲ್ಲನ್ನು ಎತ್ತಿದಾಗ, ಒಣಗಿದ ಎಲೆಯ ರಾಶಿಯನ್ನು ಸರಿಸಿದಾಗ, ಬಚ್ಚಲುಮನೆಯ ಒದ್ದೆ ಚೀಲವನ್ನು ಕೊಡವಿದಾಗ ಕಂದು ಅಥವಾ ಕಪ್ಪು ಬಣ್ಣದ ಚಪ್ಪಟೆ ಹುಳುವೊಂದು ಸರಸರನೆ ಓಡಿ ಮರೆಯಾಗುವುದನ್ನು ಬಹುತೇಕರು ಕಂಡಿರುತ್ತಾರೆ. ಅದರ ಬಾಲದ ತುದಿಯಲ್ಲಿ ಇಕ್ಕಳದಂತಹ ಒಂದು ಜೊತೆ ಅಂಗಗಳಿರುತ್ತವೆ. ಇಂಗ್ಲಿಷಿನಲ್ಲಿ ಇದನ್ನು 'ಇಯರ್‌ವಿಗ್' ಎಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಎಲ್ಲ ಪ್ರದೇಶಗಳಿಗೂ ಅನ್ವಯಿಸುವ ಒಂದೇ ಹೆಸರು ರೂಢಿಯಲ್ಲಿಲ್ಲದ ಕಾರಣ, ಈ ಲೇಖನದಲ್ಲಿ ಅದರ ಅಂಗರಚನೆಗೆ ತಕ್ಕಂತೆ 'ಇಕ್ಕಳಹುಳು' ಎಂಬ ಹೆಸರನ್ನು ಬಳಸಲಾಗಿದೆ.

ಈ ಹುಳುವನ್ನು ಕಂಡೊಡನೆ ಅದು ಬೆಳೆಯ ಶತ್ರುವೆಂದು ಭಾವಿಸಿ ಕೀಟನಾಶಕಕ್ಕಾಗಿ ಮುಂದಾಗುವುದು ಸಾಮಾನ್ಯ. ಆದರೆ ಇದೇ ಹುಳು ಒಂದು ಬೆಳೆಯಲ್ಲಿ ಕಾವಲುಗಾರನಾಗಿಯೂ ಇನ್ನೊಂದು ಬೆಳೆಯಲ್ಲಿ ಕಳ್ಳನಾಗಿಯೂ ವರ್ತಿಸುತ್ತದೆ. ಕಾವಲುಗಾರನಿರುವ ಕಡೆ ವಿಷ ಸಿಂಪಡಿಸಿದರೆ ಹಣವೂ ವ್ಯರ್ಥ, ಬೆಳೆಗೂ ನಷ್ಟ. ಕಳ್ಳನಿರುವ ಕಡೆ ಗಮನಿಸದೆ ಬಿಟ್ಟರೆ ಕೊಯ್ಲಿನ ದಿನದವರೆಗೂ ನಷ್ಟವು ತಿಳಿಯುವುದೇ ಇಲ್ಲ. ಆದುದರಿಂದ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಕೀಟದ ಜೀವನಕ್ರಮವನ್ನು ಅರಿಯುವುದು ಸಾರ್ವಜನಿಕರಿಗೆ ಉಪಯುಕ್ತವಾಗಿರುತ್ತದೆ.

1. ಹೆಸರು ಮತ್ತು ಅದರ ಹಿಂದಿನ ಭಯ

'ಇಯರ್‌ವಿಗ್' ಎಂಬ ಪದವು ಹಳೆಯ ಇಂಗ್ಲಿಷ್ ಭಾಷೆಯಿಂದ ಬಂದಿದ್ದು, 'ಕಿವಿಯ ಹುಳು' ಎಂಬ ಅರ್ಥವನ್ನು ಹೊಂದಿರುತ್ತದೆ. ಮಲಗಿರುವವರ ಕಿವಿಯನ್ನು ಹೊಕ್ಕು ಮಿದುಳನ್ನು ಕೊರೆಯುತ್ತದೆ ಎಂಬ ನಂಬಿಕೆಯು ಯೂರೋಪಿನಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಸ್ವೀಡನ್ ದೇಶದ ವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಯೂರೋಪಿನ ಸಾಮಾನ್ಯ ಇಕ್ಕಳಹುಳುವಿಗೆ 'ಫೋರ್ಫಿಕ್ಯುಲಾ ಆರಿಕ್ಯುಲೇರಿಯಾ' ಎಂಬ ವೈಜ್ಞಾನಿಕ ಹೆಸರನ್ನು ನೀಡಿದಾಗ ಆ ನಂಬಿಕೆಯ ಛಾಯೆ ಹೆಸರಿನಲ್ಲಿಯೂ ಉಳಿಯಿತು. ಮೊದಲ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಚಿಕ್ಕ ಕತ್ತರಿ' ಎಂದೂ, ಎರಡನೆಯ ಪದಕ್ಕೆ 'ಕಿವಿಗೆ ಸಂಬಂಧಿಸಿದ' ಎಂದೂ ಅರ್ಥವಿದೆ.

ಈ ನಂಬಿಕೆಗೆ ಯಾವುದೇ ಆಧಾರವಿರುವುದಿಲ್ಲ. ಇಕ್ಕಳಹುಳುವಿಗೆ ಮನುಷ್ಯನ ಕಿವಿಯ ಮೇಲೆ ವಿಶೇಷ ಆಸಕ್ತಿಯಿಲ್ಲ. ಅದಕ್ಕೆ ವಿಷದ ಗ್ರಂಥಿಯೂ ಕುಟುಕುವ ಮುಳ್ಳೂ ಇರುವುದಿಲ್ಲ. ಕೈಯಲ್ಲಿ ಹಿಡಿದಾಗ ದೊಡ್ಡ ಹುಳುವು ಇಕ್ಕಳದಿಂದ ಚಿವುಟಬಹುದು; ಅದರಿಂದ ಅಲ್ಪ ನೋವಾಗಬಹುದೇ ಹೊರತು ಅಪಾಯವಿಲ್ಲ. ಕೆಲವು ಪ್ರಭೇದಗಳು ಬೆದರಿದಾಗ ದುರ್ವಾಸನೆಯ ದ್ರವವನ್ನು ಹೊರಸೂಸುತ್ತವೆ.

2. ಗುರುತಿಸುವ ಬಗೆ

ಇಕ್ಕಳಹುಳುಗಳು 'ಡರ್ಮಾಪ್ಟೆರಾ' ಎಂಬ ಗಣಕ್ಕೆ ಸೇರಿರುತ್ತವೆ. ಗ್ರೀಕ್ ಮೂಲದ ಈ ಪದಕ್ಕೆ 'ಚರ್ಮದಂತಹ ರೆಕ್ಕೆಯುಳ್ಳದ್ದು' ಎಂದು ಅರ್ಥ. ಪ್ರಪಂಚದಲ್ಲಿ ಸುಮಾರು 2000 ಪ್ರಭೇದಗಳನ್ನು ಗುರುತಿಸಲಾಗಿದೆ. ಭಾರತದ ಪ್ರಭೇದಗಳ ಕುರಿತು ಮಾಲ್ಕಂ ಬರ್ ಎಂಬ ಕೀಟತಜ್ಞರು ಬರೆದ ಸಂಪುಟವು 1910ರಲ್ಲಿ ಪ್ರಕಟವಾಯಿತು. ನಂತರದ ಕಾಲದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯು ಈ ಕಾರ್ಯವನ್ನು ಮುಂದುವರಿಸಿತು.

ಈ ಕೀಟವನ್ನು ಗುರುತಿಸಲು ಕೆಳಕಂಡ ಲಕ್ಷಣಗಳನ್ನು ಗಮನಿಸಬಹುದು:

ಅ) ದೇಹವು ನೀಳವಾಗಿ, ಚಪ್ಪಟೆಯಾಗಿ, ಹೊಳಪಿನಿಂದ ಕೂಡಿರುತ್ತದೆ. ಸಾಮಾನ್ಯವಾಗಿ ಉದ್ದವು ಒಂದರಿಂದ ಎರಡೂವರೆ ಸೆಂಟಿಮೀಟರ್ ಇರುತ್ತದೆ.
ಆ) ಹೊಟ್ಟೆಯ ತುದಿಯಲ್ಲಿ ಗಟ್ಟಿಯಾದ ಇಕ್ಕಳವಿರುತ್ತದೆ. ಅನೇಕ ಪ್ರಭೇದಗಳಲ್ಲಿ ಗಂಡಿನ ಇಕ್ಕಳವು ಬಾಗಿಯೂ ಹೆಣ್ಣಿನ ಇಕ್ಕಳವು ಬಹುಮಟ್ಟಿಗೆ ನೇರವಾಗಿಯೂ ಇರುತ್ತದೆ.
ಇ) ಮುಂದಿನ ರೆಕ್ಕೆಗಳು ಗಿಡ್ಡವಾಗಿದ್ದು ಹೊಟ್ಟೆಯ ಭಾಗವನ್ನು ಮುಚ್ಚುವುದಿಲ್ಲ. ಕೆಲವು ಪ್ರಭೇದಗಳಿಗೆ ರೆಕ್ಕೆಗಳೇ ಇರುವುದಿಲ್ಲ.

ಮಳೆಗಾಲದಲ್ಲಿ ದೀಪಕ್ಕೆ ಬರುವ ರೋವ್ ದುಂಬಿಯನ್ನು ಇಕ್ಕಳಹುಳುವೆಂದು ತಪ್ಪಾಗಿ ತಿಳಿಯುವ ಸಂಭವವಿರುತ್ತದೆ. ರೋವ್ ದುಂಬಿಗೂ ಗಿಡ್ಡ ರೆಕ್ಕೆಗಳಿರುತ್ತವೆ, ಆದರೆ ಬಾಲದಲ್ಲಿ ಇಕ್ಕಳವಿರುವುದಿಲ್ಲ. ಅವುಗಳಲ್ಲಿ 'ಪೀಡೆರಸ್' ಎಂಬ ಕುಲದ ಕಿತ್ತಳೆ-ಕಪ್ಪು ಬಣ್ಣದ ದುಂಬಿಯನ್ನು ಚರ್ಮದ ಮೇಲೆ ಉಜ್ಜಿ ಕೊಂದಲ್ಲಿ ಅದರ ದೇಹದ ದ್ರವದಿಂದ ಉರಿ ಮತ್ತು ಬೊಕ್ಕೆಗಳು ಉಂಟಾಗುತ್ತವೆ. ಅಂತಹ ಗಾಯಗಳಿಗೆ ಇಕ್ಕಳಹುಳು ಕಾರಣವಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸುವುದು.

3. ಇಕ್ಕಳ ಮತ್ತು ರೆಕ್ಕೆ

ಇಕ್ಕಳವು ಈ ಹುಳುವಿಗೆ ಒಂದಕ್ಕಿಂತ ಹೆಚ್ಚು ಕೆಲಸಗಳಿಗೆ ಒದಗುತ್ತದೆ. ಬೇಟೆಯನ್ನು ಹಿಡಿಯಲು, ಶತ್ರುವನ್ನು ಎದುರಿಸಲು, ಗಂಡುಗಳು ಪರಸ್ಪರ ಕಾದಾಡಲು ಹಾಗೂ ಕೂಡುವಿಕೆಯ ಸಮಯದಲ್ಲಿ ಅದು ಬಳಕೆಯಾಗುತ್ತದೆ. ಕೆಲವು ಪ್ರಭೇದಗಳು ಹಿಂದಿನ ರೆಕ್ಕೆಗಳನ್ನು ಬಿಚ್ಚಲು ಅಥವಾ ಮಡಿಚಲು ಸಹ ಇಕ್ಕಳದ ನೆರವನ್ನು ಪಡೆಯುತ್ತವೆ.

ರೆಕ್ಕೆಗಳುಳ್ಳ ಪ್ರಭೇದಗಳಲ್ಲಿ ಹಿಂದಿನ ರೆಕ್ಕೆಯು ಬೀಸಣಿಗೆಯಂತೆ ತೆರೆದುಕೊಳ್ಳುತ್ತದೆ. ಮಡಿಚಿದಾಗ ಅದು ತೆರೆದ ವಿಸ್ತೀರ್ಣದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಜಾಗದಲ್ಲಿ ಗಿಡ್ಡ ಮುಂದಿನ ರೆಕ್ಕೆಯ ಕೆಳಗೆ ಅಡಗುತ್ತದೆ. ಮಡಿಕೆಯ ಸಂದುಗಳಲ್ಲಿ ರಬ್ಬರಿನಂತೆ ಹಿಗ್ಗುವ ಪದಾರ್ಥವಿರುವುದರಿಂದ, ತೆರೆದ ರೆಕ್ಕೆಯು ಸ್ನಾಯುಗಳ ಬಲವಿಲ್ಲದೆಯೇ ಬಿಗಿಯಾಗಿ ನಿಲ್ಲುತ್ತದೆ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯ ಹಾಗೂ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಈ ಮಡಿಕೆಯ ಗುಟ್ಟನ್ನು ಅಧ್ಯಯನ ಮಾಡಿ, ಅದೇ ಮಾದರಿಯ ಮಡಿಚಬಲ್ಲ ರಚನೆಗಳನ್ನು 2018ರಲ್ಲಿ ಪ್ರಕಟಿಸಿರುತ್ತಾರೆ. ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಬಹುತೇಕ ಇಕ್ಕಳಹುಳುಗಳು ಹಾರುವುದು ಅಪರೂಪ; ಓಡಿ ಸಂದಿಯೊಳಗೆ ಸೇರುವುದೇ ಅವುಗಳ ಮುಖ್ಯ ರಕ್ಷಣೆ.

4. ವಾಸಸ್ಥಾನ ಮತ್ತು ಆಹಾರ

ಇಕ್ಕಳಹುಳು ನಿಶಾಚರಿ. ಹಗಲಿನಲ್ಲಿ ಕಲ್ಲು, ತೊಗಟೆ, ತರಗೆಲೆ, ಗೊಬ್ಬರದ ಗುಂಡಿ, ಮೆಕ್ಕೆಜೋಳದ ಸುಳಿ, ತೆಂಗಿನ ಮರದ ತಲೆಯಲ್ಲಿನ ಗರಿಗಳ ಬುಡ ಮುಂತಾದ ಕತ್ತಲೆ ಹಾಗೂ ತೇವವಿರುವ ಇಕ್ಕಟ್ಟಿನ ಜಾಗಗಳಲ್ಲಿ ಅಡಗಿರುತ್ತದೆ. ದೇಹದ ಎರಡೂ ಬದಿಗಳು ಯಾವುದಾದರೊಂದಕ್ಕೆ ತಾಗಿರುವಂತಹ ಸ್ಥಳವನ್ನೇ ಅದು ಆರಿಸಿಕೊಳ್ಳುತ್ತದೆ. ಕತ್ತಲಾದ ಬಳಿಕ ಆಹಾರಕ್ಕಾಗಿ ಹೊರಬರುತ್ತದೆ.

ಹೆಚ್ಚಿನ ಪ್ರಭೇದಗಳು ಮಿಶ್ರಾಹಾರಿಗಳು. ಕೊಳೆತ ಎಲೆ, ಶಿಲೀಂಧ್ರ, ಹೂವಿನ ಪರಾಗ, ಮೆತ್ತಗಿನ ಚಿಗುರು, ಸತ್ತ ಕೀಟ, ಜೀವಂತ ಗಿಡಹೇನು, ಇತರ ಕೀಟಗಳ ಮೊಟ್ಟೆ ಹಾಗೂ ಮರಿಗಳು ಇವುಗಳ ಆಹಾರ. ಒಂದೇ ಹುಳು ಒಂದು ರಾತ್ರಿ ಗಿಡಹೇನನ್ನೂ ಮರುರಾತ್ರಿ ಹೂವಿನ ದಳವನ್ನೂ ತಿನ್ನಬಹುದು. ಇಕ್ಕಳಹುಳುವನ್ನು ಸರಳವಾಗಿ 'ಮಿತ್ರ' ಅಥವಾ 'ಶತ್ರು' ಎಂದು ವರ್ಗೀಕರಿಸಲು ಸಾಧ್ಯವಾಗದಿರುವುದಕ್ಕೆ ಇದೇ ಕಾರಣ.

5. ತಾಯಿಯ ಪಾಲನೆ

ಬಹುಪಾಲು ಕೀಟಗಳು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಇಕ್ಕಳಹುಳುವಿನ ತಾಯಿಯು ಹಾಗೆ ಮಾಡುವುದಿಲ್ಲ. ಸ್ವೀಡನ್ನಿನ ನಿಸರ್ಗ ವಿಜ್ಞಾನಿ ಚಾರ್ಲ್ಸ್ ಡಿ ಗೀರ್ ಅವರು 18ನೇ ಶತಮಾನದಲ್ಲಿಯೇ ಈ ವರ್ತನೆಯನ್ನು ಗಮನಿಸಿ ದಾಖಲಿಸಿದ್ದರು.

ಹೆಣ್ಣುಹುಳುವು ಮಣ್ಣಿನಲ್ಲಿ ಅಥವಾ ಕಲ್ಲಿನ ಕೆಳಗೆ ಸಣ್ಣ ಗೂಡನ್ನು ತೋಡಿ ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಡುತ್ತದೆ. ಯೂರೋಪಿನ ಸಾಮಾನ್ಯ ಪ್ರಭೇದವು ಒಂದು ಬಾರಿಗೆ ಸಾಧಾರಣವಾಗಿ 30ರಿಂದ 60 ಮೊಟ್ಟೆಗಳನ್ನು ಇಡುತ್ತದೆ. ಆ ಬಳಿಕ ತಾಯಿಯು ಗೂಡಿನಲ್ಲಿಯೇ ಉಳಿದು ಮೊಟ್ಟೆಗಳನ್ನು ಒಂದೊಂದಾಗಿ ಬಾಯಿಂದ ಎತ್ತಿ, ನೆಕ್ಕಿ, ತಿರುಗಿಸಿ ಇಡುತ್ತದೆ. ಇದರಿಂದ ಮೊಟ್ಟೆಗಳ ಮೇಲೆ ಬೂಷ್ಟು ಬೆಳೆಯದಂತೆ ತಡೆಯಾಗುತ್ತದೆ. ತಾಯಿಯನ್ನು ಬೇರ್ಪಡಿಸಿದಲ್ಲಿ ಮೊಟ್ಟೆಗಳು ಸಾಮಾನ್ಯವಾಗಿ ಬೂಷ್ಟು ಹಿಡಿದು ನಾಶವಾಗುತ್ತವೆ. ಗೂಡು ಕೆದರಿಹೋದಾಗ ಚದುರಿದ ಮೊಟ್ಟೆಗಳನ್ನು ತಾಯಿಯು ಮತ್ತೆ ಒಂದೆಡೆಗೆ ಕೂಡಿಸುತ್ತದೆ. ಒಳನುಗ್ಗುವ ಜೀವಿಗಳನ್ನು ಇಕ್ಕಳದಿಂದ ಎದುರಿಸುತ್ತದೆ.

ಮೊಟ್ಟೆಯೊಡೆದ ಮರಿಗಳು ಆಕಾರದಲ್ಲಿ ತಾಯಿಯನ್ನೇ ಹೋಲುತ್ತವೆ. ಬಣ್ಣ ಮಾತ್ರ ಮಸುಕಾಗಿರುತ್ತದೆ. ಇವುಗಳಿಗೆ ಕೋಶಾವಸ್ಥೆ ಇರುವುದಿಲ್ಲ. ನಾಲ್ಕೈದು ಬಾರಿ ಪೊರೆ ಕಳಚಿ ಪ್ರೌಢಾವಸ್ಥೆಗೆ ಬರುತ್ತವೆ. ಆರಂಭದ ದಿನಗಳಲ್ಲಿ ತಾಯಿಯು ಮರಿಗಳಿಗೆ ಆಹಾರವನ್ನು ಸಹ ಒದಗಿಸುತ್ತದೆ. ಜಪಾನಿನಲ್ಲಿ ಕಂಡುಬರುವ 'ಅನೆಚುರಾ ಹರ್ಮಾಂಡಿ' ಎಂಬ ಪ್ರಭೇದದಲ್ಲಿ ಈ ಪಾಲನೆಯು ಕೊನೆಯ ಹಂತಕ್ಕೆ ಹೋಗುತ್ತದೆ: ಮರಿಗಳು ಗೂಡನ್ನು ಬಿಡುವ ಮುನ್ನ ತಾಯಿಯ ದೇಹವನ್ನೇ ಆಹಾರವಾಗಿ ಸೇವಿಸುತ್ತವೆ.

ಬೆಳೆಗಾರರ ದೃಷ್ಟಿಯಿಂದ ಈ ಮಾಹಿತಿಗೆ ಪ್ರಾಯೋಗಿಕ ಮಹತ್ವವಿದೆ. ಇಡೀ ಸಂತತಿಯು ನೆಲದೊಳಗಿನ ಒಂದೇ ಗೂಡನ್ನೂ ಒಬ್ಬಳೇ ತಾಯಿಯನ್ನೂ ಅವಲಂಬಿಸಿರುವುದರಿಂದ, ಗೂಡು ಕಲಕಿದರೆ ಹುಳುವಿನ ಸಂಖ್ಯೆ ಇಳಿಯುತ್ತದೆ. ಗೂಡು ಉಳಿದರೆ ಸಂಖ್ಯೆಯೂ ಉಳಿಯುತ್ತದೆ. ಎಲ್ಲಿ ಕಲಕಬೇಕು, ಎಲ್ಲಿ ಉಳಿಸಬೇಕು ಎಂಬುದು ಬೆಳೆಯನ್ನು ಅವಲಂಬಿಸಿರುತ್ತದೆ.

6. ಕಾವಲುಗಾರನಾಗಿ ಇಕ್ಕಳಹುಳು

ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾಯಿತು. ಈ ಹುಳುವು ಮೆಕ್ಕೆಜೋಳದ ಸುಳಿಯೊಳಗೆ ಸೇರಿ ತಿನ್ನುವುದರಿಂದ ಸಿಂಪಡಿಸಿದ ಔಷಧವು ಅದನ್ನು ತಲುಪುವುದು ಕಷ್ಟ. ಇಕ್ಕಳಹುಳುವಿಗಾದರೋ ಆ ಸುಳಿಯೇ ಅಡಗುದಾಣ. ಕರ್ನಾಟಕದಲ್ಲಿ ನಡೆದ ಸಮೀಕ್ಷೆಗಳಲ್ಲಿ ಫಾಲ್ ಸೈನಿಕ ಹುಳುವಿನ ಸ್ವಾಭಾವಿಕ ಶತ್ರುಗಳ ಸಾಲಿನಲ್ಲಿ ಫೋರ್ಫಿಕ್ಯುಲಾ ಕುಲದ ಇಕ್ಕಳಹುಳುವನ್ನು ಗುರುತಿಸಲಾಗಿದೆ. ಬ್ರೆಜಿಲ್ ದೇಶದಲ್ಲಿ 'ಡೋರು ಲೂಟೈಪ್ಸ್' ಎಂಬ ಪ್ರಭೇದವು ಮೆಕ್ಕೆಜೋಳದ ಸುಳಿಯಲ್ಲಿಯೇ ಮೊಟ್ಟೆಯಿಟ್ಟು, ಅಲ್ಲಿ ಸೈನಿಕ ಹುಳುವಿನ ಮೊಟ್ಟೆ ಹಾಗೂ ಎಳೆಯ ಮರಿಗಳನ್ನು ತಿಂದು ಬದುಕುತ್ತದೆ.

ತೆಂಗಿನ ಮರದ ತಲೆಯಲ್ಲಿ ವಾಸಿಸುವ 'ಕೆಲಿಸೋಕಸ್ ಮೋರಿಯೋ' ಎಂಬ ಕಪ್ಪು ಇಕ್ಕಳಹುಳುವು ಕೆಂಪು ಮೂತಿ ಹುಳುವಿನ ಮೊಟ್ಟೆ ಹಾಗೂ ಮರಿಗಳನ್ನು ತಿನ್ನುವುದನ್ನು ಸಂಶೋಧಕರು ದಾಖಲಿಸಿರುತ್ತಾರೆ. ಕೆಂಪು ಮೂತಿ ಹುಳುವಿನ ಬಾಧೆಯು ಮರದೊಳಗೆ ನಡೆಯುವ ಕಾರಣ, ಹೊರಗೆ ಕಾಣುವ ವೇಳೆಗೆ ಮರವು ಉಳಿಯದ ಸ್ಥಿತಿಗೆ ಬಂದಿರುವುದೇ ಹೆಚ್ಚು. ಇಕ್ಕಳಹುಳುವೊಂದರಿಂದಲೇ ಆ ಬಾಧೆಯು ನಿಲ್ಲುವುದಿಲ್ಲ. ಆದರೆ ಮರದ ತಲೆಯನ್ನು ಶುಚಿಗೊಳಿಸುವಾಗ ಕಂಡ ಕಪ್ಪು ಹುಳುವನ್ನು ಕೊಲ್ಲುವುದರಿಂದ ಬೆಳೆಗಾರರಿಗೆ ಯಾವ ಲಾಭವೂ ಇರುವುದಿಲ್ಲ.

ಯೂರೋಪಿನ ಸೇಬು ಮತ್ತು ಪೇರು ತೋಟಗಳಲ್ಲಿ ಗಿಡಹೇನುಗಳನ್ನು ತಿನ್ನುವ ಕಾರಣಕ್ಕಾಗಿ ಇಕ್ಕಳಹುಳುವನ್ನು ಬೆಳೆಗಾರರು ಉಳಿಸಿಕೊಳ್ಳುತ್ತಾರೆ. ಹುಲ್ಲು ಅಥವಾ ಸುಕ್ಕುಗಟ್ಟಿದ ರಟ್ಟನ್ನು ತುಂಬಿದ ಚಿಕ್ಕ ಡಬ್ಬಿಗಳನ್ನು ಮರಗಳಿಗೆ ಕಟ್ಟಿ ಹಗಲಿನ ಆಶ್ರಯವನ್ನು ಒದಗಿಸುವ ಪದ್ಧತಿಯೂ ಅಲ್ಲಿದೆ. ಅದೇ ಹುಳು ಪೀಚ್‌ನಂತಹ ಮೆತ್ತಗಿನ ಹಣ್ಣುಗಳ ತೋಟದಲ್ಲಿ ಹಣ್ಣನ್ನು ಕೊರೆಯುವುದರಿಂದ ಅಲ್ಲಿ ಅದನ್ನು ದೂರವಿಡಲಾಗುತ್ತದೆ.

7. ಶೇಂಗಾ ಬೆಳೆಯಲ್ಲಿ ಇಕ್ಕಳಹುಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ತುಮಕೂರು ಜಿಲ್ಲೆಯ ಪಾವಗಡ ಮುಂತಾದ ಒಣ ಪ್ರದೇಶಗಳಲ್ಲಿ ಮಳೆಯಾಶ್ರಿತ ಶೇಂಗಾ ಸಾವಿರಾರು ಕುಟುಂಬಗಳ ಜೀವನಾಧಾರ. ದಕ್ಷಿಣ ಭಾರತದಲ್ಲಿ ಶೇಂಗಾ ಕಾಯಿಯನ್ನು ಕೊರೆಯುವ ಇಕ್ಕಳಹುಳುಗಳು 'ಯುಬೊರೆಲಿಯಾ' ಕುಲಕ್ಕೆ ಸೇರಿದವು. ಹಳೆಯ ಪುಸ್ತಕಗಳಲ್ಲಿ ಇವುಗಳಿಗೆ 'ಅನಿಸೊಲಾಬಿಸ್' ಎಂಬ ಹೆಸರಿದೆ. ಕಡುಕಂದು ಅಥವಾ ಕಪ್ಪು ಬಣ್ಣದ ಈ ಹುಳುಗಳು ಮಣ್ಣಿನಲ್ಲಿ ವಾಸಿಸುತ್ತವೆ. ಕಾಲುಗಳು ಮಾತ್ರ ತಿಳಿ ಬಣ್ಣದವು.

ಈ ಕೀಟದ ಬಾಧೆಯು ನೆಲದೊಳಗೆ ನಡೆಯುತ್ತದೆ. ಹುಳುವು ಎಳೆಯ ಕಾಯಿಗೆ ರಂಧ್ರ ಕೊರೆದು ಒಳಗಿನ ಬೀಜವನ್ನು ತಿನ್ನುತ್ತದೆ. ರಂಧ್ರವು ಹಿಕ್ಕೆ, ಮರಳು ಅಥವಾ ಬಣ್ಣಗೆಟ್ಟ ತಿರುಳಿನಿಂದ ಮುಚ್ಚಿರುತ್ತದೆ. ಕಾಯಿಯನ್ನು ಒಡೆದಾಗ ಬೀಜದ ಬದಲು ಮರಳು ಸಿಗುತ್ತದೆ. ಬೇರಿಗೆ ಪೆಟ್ಟು ಬೀಳದಿರುವುದರಿಂದ ಮೇಲಿನ ಗಿಡವು ಹಸಿರಾಗಿಯೇ ಕಾಣುತ್ತದೆ. ಹೀಗಾಗಿ ಕಿತ್ತ ಗಿಡವನ್ನು ಕೊಡವಿ ಕಾಯಿ ಬಿಡಿಸುವವರೆಗೂ ಬೆಳೆಗಾರರಿಗೆ ನಷ್ಟದ ಅರಿವಾಗದಿರುವುದು ಸಾಧ್ಯ.

ಇತರ ಮಣ್ಣುಕೀಟಗಳ ಬಾಧೆಯಿಂದ ಇದನ್ನು ಪ್ರತ್ಯೇಕಿಸುವುದು ಅವಶ್ಯ. ಗೊಣ್ಣೆಹುಳು ಬೇರನ್ನು ತಿನ್ನುವುದರಿಂದ ಗಿಡವು ಬಾಡಿ ಒಣಗುತ್ತದೆ. ಗೆದ್ದಲು ಸಿಪ್ಪೆಯ ಮೇಲ್ಪದರವನ್ನು ಕೆರೆದು ತಿನ್ನುತ್ತದೆ ಹಾಗೂ ಮಣ್ಣಿನ ಮೆತ್ತಿಕೆ ಕಾಣಸಿಗುತ್ತದೆ. ಇಕ್ಕಳಹುಳುವಿನ ಬಾಧೆಯಲ್ಲಿ ಗಿಡವು ಸುಸ್ಥಿತಿಯಲ್ಲಿದ್ದು, ಎಳೆಕಾಯಿಯಲ್ಲಿ ಮುಚ್ಚಿದ ರಂಧ್ರವಿರುತ್ತದೆ. ಮೂರಕ್ಕೂ ಪರಿಹಾರ ಕ್ರಮಗಳು ಬೇರೆ ಬೇರೆ.

ಬೆಳೆಗಾರರು ಕೈಗೊಳ್ಳಬಹುದಾದ ಕ್ರಮಗಳು:

ಅ) ಕಾಯಿ ಕಟ್ಟುವ ಹಂತದಿಂದಲೇ ಹೊಲದ ಐದಾರು ಕಡೆ ಒಂದೊಂದು ಗಿಡವನ್ನು ಕಿತ್ತು ಕಾಯಿಗಳನ್ನು ಪರಿಶೀಲಿಸುವುದು.
ಆ) ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಮಣ್ಣಿನೊಳಗಿನ ಹುಳು ಹಾಗೂ ಮೊಟ್ಟೆಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಗುವಂತೆ ಮಾಡುವುದು.
ಇ) ಬಾಧೆ ಕಂಡ ಹೊಲದಲ್ಲಿ ಮುಂದಿನ ಹಂಗಾಮಿಗೆ ಶೇಂಗಾದ ಬದಲು ಬೇರೆ ಬೆಳೆಯನ್ನು ಆಯ್ಕೆ ಮಾಡುವುದು.
ಈ) ಬಲಿತ ಬೆಳೆಯನ್ನು ನೆಲದಲ್ಲಿ ಉಳಿಸದೆ ಸಕಾಲದಲ್ಲಿ ಕೊಯ್ಲು ಮಾಡುವುದು.
ಉ) ಕೀಟನಾಶಕದ ಅಗತ್ಯವಿದೆಯೇ ಎಂಬುದನ್ನು ಕೃಷಿ ಅಧಿಕಾರಿಗಳ ಪರಿಶೀಲನೆಯ ನಂತರವೇ ತೀರ್ಮಾನಿಸುವುದು. ಬಳಸುವ ಔಷಧದ ಚೀಟಿಯಲ್ಲಿ ಬೆಳೆ ಹಾಗೂ ಕೀಟದ ಹೆಸರು ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.

ಗಮನಾರ್ಹ ಸಂಗತಿಯೆಂದರೆ, ಶೇಂಗಾ ಕೊರೆಯುವ ಇದೇ ಕುಲದ 'ಯುಬೊರೆಲಿಯಾ ಆನ್ಯುಲೈಪ್ಸ್' ಎಂಬ ಹುಳುವನ್ನು ಬ್ರೆಜಿಲ್ ದೇಶದಲ್ಲಿ ಹತ್ತಿಯ ಕಾಯಿ ಮೂತಿ ಹುಳುವಿನ ಭಕ್ಷಕನೆಂದು ಅಧ್ಯಯನ ಮಾಡಲಾಗಿದೆ. ಹುಳುವಿನ ಹೆಸರೊಂದನ್ನೇ ನೋಡಿ ತೀರ್ಮಾನಕ್ಕೆ ಬರಲಾಗದು ಎಂಬುದಕ್ಕೆ ಇದು ನಿದರ್ಶನ.

8. ಮನೆಯೊಳಗೆ ಕಂಡುಬಂದಾಗ

ಇಕ್ಕಳಹುಳು ಮನೆಯೊಳಗೆ ಬರುವುದು ತೇವವನ್ನು ಅರಸಿ. ಅದು ರೋಗವನ್ನು ಹರಡುವುದಿಲ್ಲ, ಮರಮುಟ್ಟುಗಳನ್ನು ಕೊರೆಯುವುದಿಲ್ಲ. ಸೋರುವ ನಲ್ಲಿಯನ್ನು ಸರಿಪಡಿಸುವುದು, ಬಾಗಿಲಿನ ಸಂದಿಯನ್ನು ಮುಚ್ಚುವುದು, ಗೋಡೆಗೆ ತಾಗಿದ ಎಲೆರಾಶಿ ಹಾಗೂ ಒದ್ದೆ ಚೀಲಗಳನ್ನು ತೆರವುಗೊಳಿಸುವುದು ಸಾಕಾಗುತ್ತದೆ. ಸಂಜೆ ಒದ್ದೆಯಾದ ಕಾಗದದ ಸುರುಳಿಯನ್ನು ಮೂಲೆಯಲ್ಲಿಟ್ಟು, ಬೆಳಿಗ್ಗೆ ಅದರೊಳಗೆ ಸೇರಿದ ಹುಳುಗಳನ್ನು ಹೊರಗೆ ಕೊಡವಬಹುದು.

ಯಾವುದೇ ಕೀಟವು ಆಕಸ್ಮಿಕವಾಗಿ ಕಿವಿಯೊಳಗೆ ಹೋದಲ್ಲಿ ಕಡ್ಡಿ, ಪಿನ್ನು ಅಥವಾ ಇಕ್ಕಳವನ್ನು ಹಾಕಬಾರದು. ತಲೆಯನ್ನು ಒಂದು ಬದಿಗೆ ವಾಲಿಸಿ ಕೆಲವು ಹನಿ ಉಗುರುಬೆಚ್ಚಗಿನ ಅಡುಗೆ ಎಣ್ಣೆಯನ್ನು ಬಿಡುವುದರಿಂದ ಕೀಟದ ಚಲನೆ ನಿಲ್ಲುತ್ತದೆ. ಕಿವಿ ಸೋರುತ್ತಿದ್ದಲ್ಲಿ ಅಥವಾ ತಮಟೆಗೆ ತೂತಾಗಿರುವ ಸಂಶಯವಿದ್ದಲ್ಲಿ ಎಣ್ಣೆಯನ್ನು ಹಾಕಕೂಡದು. ಎರಡೂ ಸಂದರ್ಭಗಳಲ್ಲಿ ವೈದ್ಯರನ್ನು ಕಾಣುವುದು.

9. ಅಳಿದುಹೋದ ಒಂದು ಪ್ರಭೇದ

ಪ್ರಪಂಚದ ಅತಿ ದೊಡ್ಡ ಇಕ್ಕಳಹುಳು ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಮಾತ್ರ ಇತ್ತು. ಅದರ ಉದ್ದ 8 ಸೆಂಟಿಮೀಟರ್‌ವರೆಗೆ ಇರುತ್ತಿತ್ತು. ಜೀವಂತ ಹುಳುವನ್ನು ಕೊನೆಯದಾಗಿ ಕಂಡದ್ದು 1967ರಲ್ಲಿ. 2014ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿದುಹೋದ ಪ್ರಭೇದವೆಂದು ಘೋಷಿಸಿತು. ಹೊರಗಿನಿಂದ ಬಂದ ಇಲಿ ಮುಂತಾದ ಭಕ್ಷಕ ಜೀವಿಗಳ ಜೊತೆಗೆ, ಅದು ಆಶ್ರಯಿಸಿದ್ದ ನೆಲದ ಮೇಲಿನ ಕಲ್ಲುಗಳನ್ನು ಕಟ್ಟಡ ಕೆಲಸಕ್ಕೆ ಸಾಗಿಸಿದ್ದೂ ಅದರ ಅಳಿವಿಗೆ ಕಾರಣವಾಯಿತೆಂದು ತಿಳಿದುಬಂದಿದೆ. ಹುಳುವನ್ನು ಯಾರೂ ಬೇಟೆಯಾಡಿದ್ದಿಲ್ಲ. ಅದರ ಕಲ್ಲನ್ನು ಎತ್ತಲಾಯಿತು, ಅಷ್ಟೇ. ಹೊಲದ ಬದುವಿನಲ್ಲಿರುವ ಕಲ್ಲು ಹಾಗೂ ಹುಲ್ಲಿನ ಅಂಚುಗಳು ಇಂತಹ ಜೀವಿಗಳ ಆಶ್ರಯತಾಣಗಳಾಗಿರುತ್ತವೆ ಎಂಬುದನ್ನು ಇದರಿಂದ ಅರಿಯಬಹುದು.

10. ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಕೀಟಬಾಧೆಗೆ ಸಂಬಂಧಿಸಿದಂತೆ ಸಲಹೆ ಅಥವಾ ಸಹಾಯಧನದ ಪರಿಕರಗಳನ್ನು ಕೋರುವವರು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು. ತೆಂಗು ಹಾಗೂ ಇತರ ತೋಟದ ಬೆಳೆಗಳಿಗೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನು ಕಾಣುವುದು. ಕೆಳಕಂಡವುಗಳನ್ನು ಜೊತೆಯಲ್ಲಿ ತರುವುದರಿಂದ ಕೀಟವನ್ನು ಗುರುತಿಸಲು ಅನುಕೂಲವಾಗುತ್ತದೆ:

ಅ) ಮುಚ್ಚಳವಿರುವ ಶೀಶೆಯಲ್ಲಿ ಎರಡು ಮೂರು ಹುಳುಗಳು. ಜಜ್ಜಿದ ಹುಳುವಿನಿಂದ ಪ್ರಭೇದವನ್ನು ಗುರುತಿಸಲಾಗದು.
ಆ) ಬಾಧೆಗೊಳಗಾದ ಕಾಯಿ ಅಥವಾ ಎಲೆ, ಸಾಧ್ಯವಾದಲ್ಲಿ ಬೇರಿನ ಸಮೇತ ಗಿಡ.
ಇ) ಬಿತ್ತನೆಯ ದಿನಾಂಕ, ಬೆಳೆಯ ಹಂತ, ಹಿಂದಿನ ಹಂಗಾಮಿನ ಬೆಳೆ ಹಾಗೂ ಈಗಾಗಲೇ ಬಳಸಿರುವ ಔಷಧದ ವಿವರ.
ಈ) ಸರ್ವೆ ನಂಬರ್ ಹಾಗೂ ಫ್ರೂಟ್ಸ್ ಗುರುತಿನ ಸಂಖ್ಯೆ.

ಬೆಳೆ ವಿಮೆಗೆ ನೋಂದಾಯಿಸಿಕೊಂಡವರು ಒಂದು ಅಂಶವನ್ನು ತಿಳಿದಿರಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೀಟಬಾಧೆಯಿಂದಾದ ನಷ್ಟವನ್ನು ನಿಗದಿತ ವಿಮಾ ಘಟಕದ ಸರಾಸರಿ ಇಳುವರಿಯ ಆಧಾರದ ಮೇಲೆ ಪರಿಗಣಿಸಲಾಗುತ್ತದೆ. ಒಬ್ಬ ರೈತರ ಹೊಲದಲ್ಲಿ ಮಾತ್ರ ಕಂಡುಬಂದ ಹುಳುವಿನ ಬಾಧೆಗೆ ಪ್ರತ್ಯೇಕ ಪರಿಹಾರ ದೊರೆಯುವುದಿಲ್ಲ. ಆದುದರಿಂದ ಶೇಂಗಾ ಬೆಳೆಯಲ್ಲಿ ಬಾಧೆಯನ್ನು ಎಳೆಕಾಯಿಯ ಹಂತದಲ್ಲಿಯೇ ಪತ್ತೆ ಹಚ್ಚುವುದು ಬೆಳೆಗಾರರ ಕೈಯಲ್ಲಿರುವ ಮುಖ್ಯ ರಕ್ಷಣೆಯಾಗಿರುತ್ತದೆ.

ದೂರವಾಣಿಯ ಮೂಲಕ ಸಲಹೆ ಪಡೆಯಲಿಚ್ಛಿಸುವವರು ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಬಹುದು.

ಒಟ್ಟಿನಲ್ಲಿ, ಇಕ್ಕಳಹುಳುವು ಕಂಡಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದನ್ನು ಹೇಗೆ ಕೊಲ್ಲುವುದು ಎಂಬುದಲ್ಲ, ಅದು ಇಲ್ಲಿ ಏನನ್ನು ತಿನ್ನುತ್ತಿದೆ ಎಂಬುದು. ಮೆಕ್ಕೆಜೋಳದ ಸುಳಿಯಲ್ಲಿಯೂ ತೆಂಗಿನ ತಲೆಯಲ್ಲಿಯೂ ಅದನ್ನು ಅದರ ಪಾಡಿಗೆ ಬಿಡುವುದು. ಶೇಂಗಾ ಹೊಲದಲ್ಲಿ ಗಿಡವನ್ನು ಕಿತ್ತು ಕಾಯಿಯನ್ನು ಒಡೆದು ನೋಡುವುದು.